ಅಳಿಯನ ಬಸ್ಕಿ, ಅತ್ತೆಯ ಲೆಕ್ಕ

ಕನ್ನಡಕದಂಗಡಿಯವನ ಕೈಯಿಂದ ಸಾಸಿವೆಯಷ್ಟು ಸಣ್ಣ ತಿರುಪೊಂದು ಜಾರಿ ಮೇಜಿನಡಿಗೆ ಬಿತ್ತು. ಇಪ್ಪತ್ತೈದು ವರ್ಷದಿಂದ ದಿನಕ್ಕೊಮ್ಮೆಯಾದರೂ ಬೀಳುತ್ತಲೇ ಇತ್ತು, ಅದೇನೂ ದೊಡ್ಡ ವಿಷಯವಲ್ಲ. ಮಂಡಿಯೂರಿ, ಕೆನ್ನೆಯನ್ನು ನೆಲಕ್ಕಾನಿಸಿ ಹುಡುಕಿದ. ತಿರುಪು ಸಿಕ್ಕಿತು. ಆದರೆ ಏಳಲಾಗಲಿಲ್ಲ. ಕುರ್ಚಿ ಹಿಡಿದ, ಚಕ್ರದ ಕುರ್ಚಿ, ಹಿಡಿದಷ್ಟೂ ದೂರ ಸರಿಯಿತು. ಕೊನೆಗೆ ಕನ್ನಡಕಕ್ಕಾಗಿ ಕಾಯುತ್ತಿದ್ದ ಏಳು ತಿಂಗಳ ಬಸುರಿಯೊಬ್ಬಳು ಬಗ್ಗಿ ನೋಡಿ, "ಸಾರ್, ಕೈ ಕೊಡ್ಲಾ?" ಎಂದಳು. ಕೊಟ್ಟಳು. ಎಳೆದೆತ್ತಿಯೂ ಬಿಟ್ಟಳು.

ಅವನಿಗೆ ಐವತ್ತೆರಡು. ಆ ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ನಗೋದಲ್ಲ ಇದು. ನಾಳೆಯಿಂದ ಮನೇಲೇ ವ್ಯಾಯಾಮ ಶುರು," ಎಂದ ಅವನು.

"ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ," ಎಂದಳು ಅವಳು, ಹಜಾರದ ಮೂಲೆಯ ವ್ಯಾಯಾಮದ ಸೈಕಲ್ಲಿನ ಮೇಲೆ ಒಗೆದ ಟವೆಲ್ ಹರಡುತ್ತ. ಆ ಸೈಕಲ್ಲು ಬಂದು ಆರು ವರ್ಷವಾಗಿತ್ತು. ಅದರ ಮೇಲೆ ಬಟ್ಟೆ ಕೂತಷ್ಟು ಮನುಷ್ಯರು ಕೂತಿರಲಿಲ್ಲ.

ಹೆಂಡತಿಗೆ ಬೇಕರಿಯಲ್ಲಿ ಕೆಲಸ, ಬೆಳಗಿನ ಐದೂವರೆಗೇ ಹೊರಡುತ್ತಿದ್ದಳು. ಆಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ಅವನು, ಅವನ ಅತ್ತೆ ಇಬ್ಬರೇ. ಅತ್ತೆಗೆ ಎಪ್ಪತ್ನಾಲ್ಕು. ಮೂವತ್ತು ವರ್ಷ ಗೋದಾಮಿನಲ್ಲಿ ಮೂಟೆ ಎಣಿಸಿದವರು. ಒಂದು ಮೂಟೆಯ ಲೆಕ್ಕವೂ ತಪ್ಪಿದ್ದಿಲ್ಲ. ನಾಲ್ಕು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಮಗಳ ಮನೆಗೆ ಬಂದಿದ್ದರು. ವ್ಯಾಯಾಮ ಹೇಳಿಕೊಡಲು ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರಮ್ಮ ದಿನಾ ಹತ್ತು ಸಲ ಕಾಲೆತ್ತಿ ಎಂದರೆ, "ಕಾಲು ನಂದು, ಎತ್ತೋದು ಬಿಡೋದು ನನ್ನಿಷ್ಟ" ಎಂದು ಗೋಡೆಯ ಕಡೆ ತಿರುಗುತ್ತಿದ್ದರು. ಅಳಿಯನೊಡನೆ ಮಾತು ಮೊದಲಿನಿಂದಲೂ ಅಷ್ಟಕ್ಕಷ್ಟೆ.

ಮರುದಿನ ಅವನು ಹಜಾರದಲ್ಲಿ ಒಂದೇ ಉಸಿರಿಗೆ ನಲವತ್ತು ಬಸ್ಕಿ ಹೊಡೆದ. ಅದರ ಮರುದಿನ ತೊಡೆಗಳು ಮರದ ದಿಮ್ಮಿಗಳಾಗಿದ್ದವು. ಎರಡನೇ ಮಹಡಿಯಿಂದ ಅಂಗಡಿಗೆ ಹೊರಟವನು ಮೆಟ್ಟಿಲ ಕಂಬಿ ತಬ್ಬಿಕೊಂಡು, ಹಿಮ್ಮುಖವಾಗಿ, "ಅಯ್ಯಯ್ಯೋ" ಎನ್ನುತ್ತ ಇಳಿಯಬೇಕಾಯಿತು. ತೆರೆದ ಬಾಗಿಲಿನಿಂದ ಅದನ್ನು ನೋಡಿದ ಅತ್ತೆ ಜೋರಾಗಿ ನಕ್ಕರು. ಆಪರೇಷನ್ ಆದ ಮೇಲೆ ಆ ಮನೆಯಲ್ಲಿ ಯಾರೂ ಕೇಳಿರದ ನಗು.

ರಾತ್ರಿಯೂಟಕ್ಕೆ ಕೂತಾಗ ಅವರೇ ಮಾತು ತೆಗೆದರು. "ನಲವತ್ತು ಅಂತ ಹೇಳ್ಕೊಂಡ್ರಲ್ಲ, ಆಗಿದ್ದು ಇಪ್ಪತ್ಮೂರೇ. ನಾನು ಮಲಗಿದ್ದಲ್ಲಿಂದಲೇ ಎಣಿಸಿದೀನಿ."

"ಮಿಕ್ಕ ಹದಿನೇಳು ಎಲ್ಲಿಗೆ ಹೋಯ್ತು?"

"ಅವೆಲ್ಲ ಅರ್ಧಂಬರ್ಧ. ಅರ್ಧ ಮೂಟೇನ ಮೂಟೆ ಅಂತ ಬರೆದವಳಲ್ಲ ನಾನು."

ಅವನಿಗೆ ರೇಗಿತು. "ನೀವು ಹತ್ತು ಸಲ ಕಾಲೆತ್ತಬೇಕಿತ್ತು. ನಿನ್ನೆ ಎಷ್ಟಾಯ್ತು?"

ಅತ್ತೆ ಸುಳ್ಳು ಹೇಳುವವರಲ್ಲ. "ಸೊನ್ನೆ" ಎಂದರು. "ನೀವು ಐದು ಮಾಡಿ. ಪೂರ್ತಿ ಐದು. ನಾನೂ ಐದು ಮಾಡ್ತೀನಿ. ನೀವು ಬಿಟ್ಟ ದಿನ ನಾನೂ ಬಿಡ್ತೀನಿ."

ಹಾಗೆ ಶುರುವಾಯಿತು. ಆರೂವರೆಗೆ ಅಡುಗೆಮನೆಯ ಎರಡು ಕುರ್ಚಿ ಹಜಾರಕ್ಕೆ ಬರುತ್ತಿದ್ದವು. ಒಂದರಲ್ಲಿ ಅತ್ತೆ ಕೂತು ಕಾಲೆತ್ತುವುದು, ಇನ್ನೊಂದರ ಬೆನ್ನು ಹಿಡಿದು ಅಳಿಯ ಬಸ್ಕಿ ಹೊಡೆಯುವುದು. ಎಣಿಕೆ ಮಾತ್ರ ಅತ್ತೆಯದೇ. ಅವನು ಮೊದಲ ವಾರವೇ ಹದಿನೈದಕ್ಕೆ ಹಾರಲು ನೋಡಿದ, "ಏನವಸರ, ಹೊರಗೆ ಲಾರಿ ಬಂದು ನಿಂತಿದೆಯಾ?" ಎಂದು ಆರಕ್ಕೇ ತಡೆದರು. ಎರಡನೇ ವಾರಕ್ಕೆ ಏಳು. ಆಮೇಲೆ ಗೋಡೆಗೆ ಕೈಯೊತ್ತಿ ತಳ್ಳುವುದು ಸೇರಿತು. ಒಂದು ತಿಂಗಳಿಗೆ ಸೈಕಲ್ಲಿನ ಮೇಲಿನ ಟವೆಲ್ಲುಗಳು ಹೊರಗಿನ ಹಗ್ಗಕ್ಕೆ ಹೋದವು.

ಒಂದು ಭಾನುವಾರ ಹೊರಗೆ ಜಿಟಿಜಿಟಿ ಮಳೆ. ಅಂಗಡಿಗೂ ರಜೆ. ಅವನು ಹೊದಿಕೆ ತಲೆಯ ಮೇಲೆಳೆದುಕೊಂಡು ಮಗ್ಗುಲು ಬದಲಿಸಿದ. ಆಗ ಹಜಾರದಲ್ಲಿ ಟಕ್, ಟಕ್ ಎಂದು ಸದ್ದಾಯಿತು. ನಾಲ್ಕು ಕಾಲಿನ ಊರುಗೋಲು ಹಿಡಿದು ಅತ್ತೆ ಒಬ್ಬರೇ ನಡೆದು ಬರುತ್ತಿದ್ದರು! ಯಾರ ಕೈಯೂ ಹಿಡಿಯದೆ ಅಷ್ಟು ದೂರ ಅವರು ಬಂದದ್ದು ಅದೇ ಮೊದಲು. ಅವನು ಹಾರಿ ಎದ್ದ.

"ಅತ್ತೇ, ಬಿದ್ಬಿಡ್ತೀರಿ!"

"ಬಿದ್ರೆ ಎತ್ತೋಕೆ ಶಕ್ತಿ ಇರೋ ಅಳಿಯ ಬೇಕಲ್ಲ. ಏಳು, ಮೈಗಳ್ಳ!"

ಅಷ್ಟು ವರ್ಷದ 'ನೀವು' ಅಂದು 'ನೀನು' ಆಯಿತು. ಅವನಿಗೆ ಅದು ಬೈಗುಳವೆನಿಸಲಿಲ್ಲ. ಯಾರೋ ಬೆನ್ನು ತಟ್ಟಿದಂತಾಯಿತು.

ಐದು ತಿಂಗಳ ಮೇಲೆ ಒಂದು ಬೆಳಿಗ್ಗೆ ಬೇಕರಿಯಲ್ಲಿ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದ ಹೆಂಡತಿ ತಲೆಯೆತ್ತಿದರೆ, ಗಿರಾಕಿಗಳ ಸಾಲಿನಲ್ಲಿ ತಾಯಿ ನಿಂತಿದ್ದರು. ಹಿಂದೆ ಬೆವರಿದ ಗಂಡ. ಇಬ್ಬರೂ ಎರಡು ಮಹಡಿ ಇಳಿದು, ಎರಡು ರಸ್ತೆ ದಾಟಿ ಬಂದಿದ್ದರು.

"ಅಮ್ಮಾ!" ಎಂದು ಅವಳು ಹಿಟ್ಟಿನ ಕೈಯಲ್ಲೇ ಓಡಿಬಂದು ತಬ್ಬಿಕೊಂಡಳು.

"ಸೀರೆ, ಸೀರೆ!" ಎಂದು ಅತ್ತೆ ಕೂಗಿದರು. ಆದರೆ ಬಿಡಿಸಿಕೊಳ್ಳಲಿಲ್ಲ.

ಆ ವಾರವೇ ಡಾಕ್ಟರಮ್ಮ ಅತ್ತೆಯನ್ನು ನಡೆಸಿ ನೋಡಿ, "ಇನ್ನು ನಾನು ಬರೋ ಅಗತ್ಯ ಇಲ್ಲ" ಎಂದು ಹೇಳಿ ಹೋದರು. ಎಲ್ಲರಿಗೂ ಸಂತೋಷ, ಅಳಿಯನೊಬ್ಬನಿಗೆ ಒಳಗೊಳಗೇ ಕಸಿವಿಸಿ. ಒಪ್ಪಂದ ಮುಗಿಯಿತಲ್ಲ! ಮರುದಿನ ಆರೂವರೆಗೆ ಅಳುಕುತ್ತಲೇ ಹಜಾರಕ್ಕೆ ಬಂದರೆ ಅತ್ತೆ ಆಗಲೇ ನಿಂತಿದ್ದರು.

"ನಿಮಗೆ ವಾಸಿ ಆಯ್ತಲ್ಲ?" ಎಂದ.

"ವಾಸಿ ಆಗಿದ್ದು ಹಾಗೇ ಇರಬೇಡ್ವಾ? ಎಣಿಸ್ತೀನಿ, ಶುರು ಮಾಡು."

ಎರಡನೇ ವರ್ಷ ಅತ್ತೆಗೆ ಜ್ವರ ಬಂತು. ಮೊದಲೆರಡು ದಿನ ಹಾಸಿಗೆಯಿಂದಲೇ ಎಣಿಸಿದರು. ಮೂರನೆಯ ಬೆಳಿಗ್ಗೆ ಗಾಢ ನಿದ್ದೆ. ಅವನು ಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ, ಸ್ನಾನ ಮುಗಿಸಿ, ಕನ್ನಡಿಯೆದುರು ತಲೆ ಬಾಚುವಾಗ ಥಟ್ಟನೆ ಹೊಳೆಯಿತು: ಬಸ್ಕಿ ಮುಗಿದಿತ್ತು. ಯಾರೂ ಎಣಿಸಿರಲಿಲ್ಲ, ಯಾರೂ ಎಬ್ಬಿಸಿರಲಿಲ್ಲ, ಮಾಡಲೋ ಬೇಡವೋ ಎಂದು ತನ್ನನ್ನು ತಾನೇ ಕೇಳಿಕೊಂಡೂ ಇರಲಿಲ್ಲ. ಹಲ್ಲುಜ್ಜಿದಷ್ಟೇ ಸಲೀಸಾಗಿ ಆಗಿಹೋಗಿತ್ತು. ಬಾಚಣಿಗೆ ಹಿಡಿದು ಒಬ್ಬನೇ ನಕ್ಕ. ಆಮೇಲೆ ಅತ್ತೆಗೆ ಬಿಸಿನೀರು ಕಾಯಿಸಲು ಅಡುಗೆಮನೆಗೆ ಹೋದ.