ಐದಡಿ ಪೈಪು

ಭಾನುವಾರ ಬೆಳಿಗ್ಗೆ ನನ್ನ ಗಂಡ ಶಿವಮೂರ್ತಿ ಹಜಾರದಲ್ಲಿ ಕೂತು ಅಡುಗೆಮನೆ ಚಿಮಣಿಯ ಪೈಪು ಕತ್ತರಿಸಲು ಹೊರಟಿದ್ದರು. ಬೆಳ್ಳಿ ಬಣ್ಣದ ತೆಳು ಅಲ್ಯೂಮಿನಿಯಂ ಪೈಪು, ಒಳಗೆ ಸುರುಳಿ ತಂತಿ. ಅಂಗಡಿಯಿಂದ ಬಂದಾಗ ಮೊಳದುದ್ದ ಮುದುಡಿಕೊಂಡಿರುತ್ತದೆ, ಎಳೆದರೆ ಎಂಟಡಿ. ಪೂರ್ತಿ ಎಳೆದೇ ಅಳೆಯಬೇಕು. ಎಳೆದೇ ಅಳೆದರು, ಮಹಾನುಭಾವ. ಆದರೆ ಪೆನ್ನಿನಲ್ಲಿ ಗುರುತು ಹಾಕಿದ್ದು ಮೂರಡಿಗೆ!

ಚಿಮಣಿಯಿಂದ ಗೋಡೆಯ ತೂತಿಗೆ ಐದಡಿ. ನಾನೇ ಟೇಪು ಹಿಡಿದು ಅಳೆದು ಚೀಟಿಯಲ್ಲಿ ಬರೆದುಕೊಟ್ಟಿದ್ದೆ.

‘ರೀ, ಮೂರಡಿ ಎಲ್ಲಿಗೆ ಸಾಲ್ತದೆ? ಅಟ್ಟದ ತಂಕ ಓಗಿ ನಿಂತ್ಕತದೆ.’

‘ಅಟ್ಟಕ್ಕೇ ಬಿಡಾಣ ಬಿಡು ಕೋಮಲ,’ ಎಂದರು, ತಲೆ ಎತ್ತದೆ. ‘ಪಕ್ಕದ್ಮನೆ ಮೇಷ್ಟ್ರು ನೆನ್ನೆ ಸಿಕ್ಕಿದ್ರು. ತೂತು ನಮ್ ಕಡೀಕಿಟ್ಟಿದ್ದೀರಿ, ಬಾಡಿನ ವಾಸ್ನೆ ಒಡೀತದೆ ಅಂದ್ರು. ಸುಮ್ನೆ ಯಾಕೆ...’

ನನಗೆ ಮೈಯೆಲ್ಲ ಉರಿದುಹೋಯಿತು. ಚಿಮಣಿ ತಂದದ್ದು ಯಾರಿಗಾಗಿ? ನಮ್ಮತ್ತೆ ಮರಿತಾಯಮ್ಮನಿಗಾಗಿ. ಅವರಿಗೆ ಉಬ್ಬಸ. ಒಲೆಯ ಮೇಲೆ ಮೆಣಸಿನಕಾಯಿ ಹುರಿದರೆ ಸಾಕು, ಎದೆ ಹಿಡಿದುಕೊಂಡು ಹಿತ್ತಲಿಗೆ ಓಡುತ್ತಾರೆ. ಅಟ್ಟಕ್ಕೆ ಹೋದ ಘಾಟು ತಿರುಗಿ ಅವರ ಮೂಗಿಗೇ ಬರುವುದಾದರೆ ಈ ಡಬ್ಬ ಯಾವ ಚೆಂದಕ್ಕೆ?

ನಂಜನಗೂಡಿನ ಈ ಬಡಾವಣೆಗೆ ಬಂದು ನಾಲ್ಕು ವರ್ಷ. ಬಾಡಿಗೆ ಮನೆಯಲ್ಲ, ಸ್ವಂತದ್ದು. ಆದರೂ ಈ ಮನುಷ್ಯ ಬಾಡು ತರುವುದು ಪೇಪರಿನಲ್ಲಿ ಸುತ್ತಿ, ಮೇಲೆ ಕೊತ್ತಂಬರಿ ಸೊಪ್ಪು ಮುಚ್ಚಿ. ಸಾರು ಕುದಿಯುವಾಗ ನಮ್ಮ ಕಿಟಕಿಗಳನ್ನು ನಾವೇ ಮುಚ್ಚುತ್ತೇವೆ. ಥೂ, ಕಳ್ಳರ ಬಾಳು!

‘ಅವರ ಮನೆ ಇಂಗಿನ ಒಗ್ಗರಣೆ ದಿನಾ ನಮ್ಮನೆಗೆ ಬತ್ತದೆ. ನಾವೇನು ಒಂದಿನ ಓಗಿ ಕೇಳಿದ್ವಾ? ನಿಮ್ಮವ್ವನ ಉಸಿರಿಗಿಂತ ಆ ಮೇಷ್ಟ್ರ ಮೂಗು ಎಚ್ಚಾಯ್ತಾ ನಿಮಗೆ?’ ಎಂದು ಕಿರುಚಿದೆ.

ಅತ್ತೆ ಅಡುಗೆಮನೆ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

‘ಜಗಳ ಬ್ಯಾಡ ಕಣವ್ವ. ನಾನು ನಮ್ಮೂರು ದೇವನೂರಿಗೇ ಓಯ್ತೀನಿ. ಅಲ್ಲಿ ಒಲೆ ಆಚೆ ಅದೆ, ಯಾರಿಗೂ ತೊಂದ್ರೆ ಇಲ್ಲ,’ ಎಂದರು.

ಹೆತ್ತ ತಾಯಿ ಮಗನ ಮನೆ ಬಿಡುತ್ತೇನೆ ಅನ್ನುತ್ತಿದ್ದಾರೆ, ಮಗ ನೆಲ ನೋಡುತ್ತಿದ್ದಾನೆ! ನಾನು ಗಂಡನ ಕೈಯಿಂದ ಬ್ಲೇಡು ಕಿತ್ತುಕೊಂಡೆ. ಪೈಪನ್ನು ಎಳೆದು ಹಿಡಿದು, ಐದಡಿಯ ಮೇಲೆ ಇನ್ನೂ ಒಂದು ಗೇಣು ಬಿಟ್ಟು ಸುತ್ತಲೂ ಕೊಯ್ದೆ. ತಂತಿ ಬ್ಲೇಡಿಗೆ ಜಗ್ಗಲಿಲ್ಲ. ಕಟಿಂಗ್ ಪ್ಲೇಯರ್ ಹಾಕಿ ಕಚಕ್ಕನೆ ಕತ್ತರಿಸಿದೆ. ತಗಡಿನ ಅಂಚು ಹೆಬ್ಬೆರಳು ಸೀಳಿತು. ಸೀಳಲಿ ಎಂದು ಬಾಯಲ್ಲಿಟ್ಟುಕೊಂಡೆ.

‘ಸ್ಟೂಲ್ ತನ್ನಿ,’ ಎಂದೆ.

ಶಿವಮೂರ್ತಿ ಒಂದು ಗಳಿಗೆ ನನ್ನ ಕೈಯ ರಕ್ತ ನೋಡಿದರು, ಆಮೇಲೆ ಅವ್ವನ ಮುಖ ನೋಡಿದರು. ಸ್ಟೂಲು ತಂದು ತಾವೇ ಹತ್ತಿದರು. ಪೈಪಿನ ಒಂದು ತುದಿಯನ್ನು ಚಿಮಣಿಗೆ ಸಿಕ್ಕಿಸಿ ಟೇಪು ಸುತ್ತಿದರು, ಇನ್ನೊಂದನ್ನು ತೂತಿನಿಂದ ಗೇಣುದ್ದ ಹೊರಕ್ಕೆ ತಳ್ಳಿದರು. ಮುಚ್ಚಿದ್ದ ಕಿಟಕಿಗಳನ್ನು ನಾನು ಒಂದೊಂದಾಗಿ ತೆಗೆದೆ.

ಅತ್ತೆ ಬಾಣಲೆ ಇಟ್ಟು ಒಣಮೀನು, ಮೆಣಸಿನಕಾಯಿ ಹುರಿಯತೊಡಗಿದರು. ಚಿಮಣಿ ಗುಂಯ್ ಅನ್ನುತ್ತಿತ್ತು. ಎರಡು ನಿಮಿಷವೂ ಆಗಿಲ್ಲ, ಪಕ್ಕದ ಮನೆಯ ಕಿಟಕಿ ದಢಾರನೆ ಮುಚ್ಚಿಕೊಂಡಿತು. ಶಿವಮೂರ್ತಿ ಬೆಚ್ಚಿ ನನ್ನ ಕಡೆ ನೋಡಿದರು. ಅತ್ತೆ ತಿರುಗಲೂ ಇಲ್ಲ, ಕೆಮ್ಮಲೂ ಇಲ್ಲ.

‘ಕೋಮಲ, ಇನ್ನೊಂದೆರಡು ಮೆಣಸಿನ್ಕಾಯಿ ಕೊಡವ್ವ,’ ಎಂದರು.

ಹಿಡಿ ತುಂಬ ಕೊಟ್ಟೆ.