ಗಾಜಿನ ಪೆಟ್ಟಿಗೆಯ ಮಚ್ಚು

ಬಂಗಾರಪೇಟೆಯ ಆ ಎರಡು ಕೋಣೆಯ ಮ್ಯೂಸಿಯಂನಲ್ಲಿ ಕದಿರಪ್ಪ ಗಾಜಿಗೆ ಮೂಗು ತಾಗಿಸಿಕೊಂಡು ನಿಂತು ಹತ್ತು ನಿಮಿಷವಾಗಿತ್ತು. ಒಳಗೆ ಕೆಂಪು ಮಕಮಲ್ಲಿನ ಮೇಲೆ ಒಂದು ಮಚ್ಚು ಮಲಗಿತ್ತು. ಕೆಳಗೆ ಚೀಟಿ: 'ಪಾಳೇಗಾರರ ಯುದ್ಧಖಡ್ಗ. ಸುಮಾರು ನಾನೂರು ವರ್ಷ ಹಳೆಯದು. ದಾನಿಗಳು ಶ್ರೀ ಆಂಜನಪ್ಪನವರು.'

ನಾನೂರು ವರ್ಷವಂತೆ! ಅದನ್ನು ಬಡಿದವನು ಅವನೇ. ಚಿನ್ನದ ಗಣಿ ಮೈಸೂರು ಮೈನ್ಸಿನ ಕುಲುಮೆಯಲ್ಲಿ ಬಂಡೆ ಕೊರೆಯುವ ಸರಳುಗಳ ಮೊನೆ ಚೂಪು ಮಾಡುತ್ತಿದ್ದ ಕದಿರಪ್ಪ, 1976ರಲ್ಲಿ ಮುರಿದ ಸರಳಿನ ತುಂಡೊಂದನ್ನು ತೊಡೆಗೆ ಕಟ್ಟಿಕೊಂಡು ಗೇಟು ದಾಟಿಸಿದ್ದ. ಅವನಿಗೆ ಗೊತ್ತಿದ್ದ ಮನೆಗಳಲ್ಲಿ ಗಂಗಮ್ಮನಿಗೆ ಕುರಿ ಕಡಿಯುವ ಮಚ್ಚುಗಳೆಲ್ಲ ಅಂಥ ಸರಳಿನವೇ. ಪಕ್ಕದ ಹೊಲದ ಆಂಜನಪ್ಪ ತನಗೂ ಒಂದು ಕೇಳಿದ, ಇವನು ಆ ತುಂಡಿನಲ್ಲಿ ಮಾಡಿಕೊಟ್ಟ. ಮೂರು ತಿಂಗಳಿಗೆ ಕಾಲುವೆ ನೀರಿನ ಜಗಳದಲ್ಲಿ ಇವನ ತಮ್ಮ ಚಲಪತಿಯ ಹೆಣ ಬಿತ್ತು. ಗದ್ದೆಯ ಕೆಸರಿನಿಂದ ಎತ್ತಿದಾಗ ತಲೆ ಒಂದು ಕಡೆಗೆ ಜೋತುಬಿತ್ತು. ಕಣ್ಣಾರೆ ಕಂಡವರಿಲ್ಲ. ಪೊಲೀಸರು ಹುಡುಕಿದಾಗ ಆಂಜನಪ್ಪನ ಮನೆಯಲ್ಲಿ ಮಚ್ಚೂ ಇರಲಿಲ್ಲ. 'ಯಾರೋ ಕೊಂದಿದ್ದಾರೆ' ಎಂದು ಬರೆದು ಫೈಲು ಮುಚ್ಚಿದರು.

ಆ 'ಯಾರೋ' ಹನ್ನೊಂದು ವರ್ಷದಿಂದ ಕದಿರಪ್ಪನ ಎದೆಯಲ್ಲಿ ಕುದಿಯುತ್ತಿತ್ತು. ಆ ಫೈಲಿನಲ್ಲಿ ಆಂಜನಪ್ಪನ ಹೆಸರು ಬರೆಸಿಯೇ ತೀರುತ್ತೇನೆಂದು ಸಾಯುತ್ತಿದ್ದ ತಾಯಿ ಮುನಿನಾರಾಯಣಮ್ಮನ ಕೈ ಹಿಡಿದು ಮಾತು ಕೊಟ್ಟಿದ್ದ.

ಹೋದ ಬೇಸಿಗೆಯಲ್ಲಿ ಆಂಜನಪ್ಪನ ಬಾವಿಯ ಹೂಳೆತ್ತುವಾಗ ಹತ್ತು ಜನರ ಮುಂದೆ ಮಚ್ಚು ಮೇಲೆ ಬಂತು. ತುಕ್ಕು ನೋಡಿ ಯಾವನೋ, 'ಇದು ಪಾಳೇಗಾರರದ್ದು' ಎಂದ. ಆಂಜನಪ್ಪ ಆ ಮಾತನ್ನೇ ಹಿಡಿದುಕೊಂಡು ಮ್ಯೂಸಿಯಂಗೆ ದಾನ ಕೊಟ್ಟ. ಇವತ್ತು ಇಲ್ಲೇ ಅವನಿಗೆ ಸನ್ಮಾನ.

"ಸಾರ್, ಇದು ಖಡ್ಗ ಅಲ್ಲ. ನಾನ್ ಬಡಿದ ಮಚ್ಚು," ಎಂದ ಕದಿರಪ್ಪ.

ಮ್ಯೂಸಿಯಂ ಅಧಿಕಾರಿ ಶ್ರೀರಾಮಪ್ಪ ಕನ್ನಡಕ ಸರಿಪಡಿಸಿಕೊಂಡರು. "ನಿಮಗೆಷ್ಟು ವಯಸ್ಸು ಸ್ವಾಮಿ, ನಾನೂರಾ?"

ಹಾರ ಹಾಕಿಕೊಂಡು ಕೂತಿದ್ದ ಆಂಜನಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. "ಏಮ್ರಾ ಕದಿರಾ, ಬೆಳಗ್ಗೇನೇ ಏರಿಸ್ಕಂಡು ಬಂದಿದ್ದೀಯಾ? ಓಗ್ಲಾ, ಮನೇಗೋಗಿ ಮಲಕ್ಕೊ!"

ಕದಿರಪ್ಪ ಮೊಣಕೈಯಿಂದ ಗುದ್ದಿ ಗಾಜು ಒಡೆದ. ತಡೆಯಲು ಬಂದ ಜವಾನ ಕುಪ್ಪುಸ್ವಾಮಿಯ ದವಡೆಗೆ ಅದೇ ಮೊಣಕೈ ಬಿತ್ತು, ಅವನು ಹಲ್ಲು ಉಗುಳುತ್ತ ಕುಸಿದ. ಕದಿರಪ್ಪ ಮಚ್ಚು ಎತ್ತಿ, ಮ್ಯೂಸಿಯಂನವರು ಹೊಸದಾಗಿ ಹಾಕಿಸಿದ್ದ ಮರದ ಹಿಡಿಯನ್ನು ಕಲ್ಲಿನ ಹೊಸ್ತಿಲಿಗೆ ಅಪ್ಪಳಿಸಿದ. ಹಿಡಿ ಸೀಳಿ ಎರಡಾಯಿತು.

"ಈ ಬುಡ ನೋಡ್ರಿ ಸಾರ್! ಆರು ಮೂಲೆ, ನಡುವೆ ತೂತು. ಬಂಡೆ ಕೊರೆಯೋವಾಗ ನೀರು ಓಗೋ ತೂತು. ಯಾವ ಪಾಳೇಗಾರ ಡ್ರಿಲ್ ಮಿಷನ್ನು ಇಟ್ಕಂಡಿದ್ದ, ಏಳ್ರಿ!"

ಶ್ರೀರಾಮಪ್ಪ ತೂತಿಗೆ ಕಡ್ಡಿ ಹಾಕಿ ನೋಡಿದರು. ಒಣಗಿದ ಕೆಸರು ಉದುರಿತು. "ಗಣಿಯ ಉಕ್ಕೇ," ಎಂದರು.

"ಅಂಗಾದ್ರೆ ಬರೀರಿ. ನನ್ ತಮ್ಮನ್ನ ಕೊಂದ ಮಚ್ಚು ಇದು, ಇವನ ಬಾವೀಲಿತ್ತು ಅಂತ."

"ಅದು ನಮ್ಮ ಕೆಲಸವಲ್ಲಪ್ಪ. ಚೀಟಿ ತೆಗೆಸ್ತೀನಿ, ಅಷ್ಟೇ."

ಬಂದೋಬಸ್ತಿಗೆ ಬಂದಿದ್ದ ಪೇದೆ ಗದರಿದ. "ಹನ್ನೊಂದು ವರ್ಷದ ಫೈಲು, ಯಾವಾಗ್ಲೋ ಗೆದ್ದಲು ತಿಂದಿರ್ತದೆ. ಕೆಳಗಿಡು ಅದನ್ನ!"

ಆಂಜನಪ್ಪ ಸಮಾಧಾನ ಮಾಡುವವನಂತೆ ಹತ್ತಿರ ಬಂದು, ಕದಿರಪ್ಪನ ಭುಜ ತಬ್ಬಿ, ಕಿವಿಯಲ್ಲಿ ಉಸುರಿದ. "ಕುರೀಗಿಂತ ಸಲೀಸು ಕಣ್ಲಾ ನಿನ್ ತಮ್ಮ. ಒಂದೇ ಏಟು. ಒಳ್ಳೇ ಮಚ್ಚು ಮಾಡ್ಕೊಟ್ಟಿದ್ದೆ."

ಕದಿರಪ್ಪ ಹಿಡಿಯಿಲ್ಲದ ಉಕ್ಕನ್ನು ಎರಡೂ ಕೈಯಲ್ಲಿ ಹಿಡಿದ. ಮೊದಲ ಏಟಿಗೆ ಆಂಜನಪ್ಪ ಕೈ ಅಡ್ಡ ತಂದ, ಎರಡು ಬೆರಳು ಹಾರವನ್ನೂ ಹರಿದುಕೊಂಡು ಬಿದ್ದವು. ಎರಡನೆಯದು ಹೆಗಲೆಲುಬಿಗೆ ಸಿಕ್ಕಿತು. ಎದೆಗೆ ಕಾಲು ಕೊಟ್ಟು ಕಿತ್ತ. ತುಕ್ಕು ತಿಂದ ಅಲಗು, ಕುತ್ತಿಗೆಗೆ ಇಳಿಯಲು ಇನ್ನೂ ಮೂರು ಏಟು ಬೇಕಾಯಿತು. ಸಭೆಯವರೆಲ್ಲ ಕುರ್ಚಿ ಉರುಳಿಸಿಕೊಂಡು ರಸ್ತೆಗೆ ಓಡಿದರು. ಪೇದೆಯೂ ಓಡಿದ.

ಠಾಣೆಗೆ ಕದಿರಪ್ಪ ತಾನೇ ನಡೆದುಕೊಂಡು ಹೋದ. ಅಂಗೈ ಸೀಳಿ ರಕ್ತ ತೊಟ್ಟಿಕ್ಕುತ್ತಿತ್ತು. ಮಚ್ಚನ್ನು ಮೇಜಿನ ಮೇಲಿಟ್ಟ. ಸಬ್‌ಇನ್ಸ್‌ಪೆಕ್ಟರ್ ಪೆನ್ನು ತೆಗೆದ.

"ಹೆಸರು?"

"ಚಲಪತಿ."

"ನಿನ್ನ ಹೆಸರು ಕೇಳಿದ್ದು ಕಣಯ್ಯಾ."

"ನಂದು ಆಮ್ಯಾಕೆ ಸಾರ್. ಎಪ್ಪತ್ತಾರರಲ್ಲಿ ಆಂಜನಪ್ಪ ಈ ಮಚ್ಚಿನಾಗೆ ಚಲಪತೀನ ಕಡಿದ. ಮೊದ್ಲು ಅದು ಬರೀರಿ. ಅಲ್ಲೀಗಂಟ ನಾನು ಬಾಯಿ ಬಿಡಾಕಿಲ್ಲ."

ಸಬ್‌ಇನ್ಸ್‌ಪೆಕ್ಟರ್ ಅವನ ಕೈ ನೋಡಿದ, ಮುಖ ನೋಡಿದ, ಬರೆದ. ಕದಿರಪ್ಪ ಅದನ್ನು ಎರಡು ಸಲ ಗಟ್ಟಿಯಾಗಿ ಓದಿಸಿದ. ಆಮೇಲೆ ತನ್ನ ಹೆಸರು ಹೇಳಿದ.