ಕಲ್ಯಾಣದ ಎರಡನೇ ಯಂತ್ರ

ಡೊಂಬಿವಲಿಯ ರಕ್ತನಿಧಿಯ ಮುಖ್ಯ ಕಂಪ್ಯೂಟರ್ ದಸರೆಯ ಬೆಳಿಗ್ಗೆ ಕೆಟ್ಟು ನಿಂತಿತ್ತು. ಆದರೂ ಕೌಂಟರಿನ ಪರದೆಯ ಮೇಲೆ ರಕ್ತದ ಚೀಲಗಳ ವಿವರ ಎಂದಿನಂತೆ ಮೂಡಿತು. ಕಲ್ಯಾಣದ ಶಾಖೆಯಲ್ಲಿಟ್ಟಿದ್ದ ಎರಡನೇ ಯಂತ್ರ ತಾನಾಗಿ ಕೆಲಸ ವಹಿಸಿಕೊಂಡಿತ್ತು. ದೊಡ್ಡ ಸರ್ವರ್ ಕೊಳ್ಳುವ ಶಕ್ತಿ ರಕ್ತನಿಧಿ ನಡೆಸುವ ಟ್ರಸ್ಟಿಗೆ ಇರಲಿಲ್ಲ. ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ರಮಿತಾ ಉಲ್ಹಾಸನಗರದಿಂದ ಹಳೆಯ ಕಂಪ್ಯೂಟರೊಂದನ್ನು ತಂದು, ಮುಖ್ಯ ಯಂತ್ರದ ಪ್ರತಿ ನಮೂದೂ ಬ್ರಾಡ್‌ಬ್ಯಾಂಡಿನಲ್ಲಿ ಅದಕ್ಕೂ ತಲುಪುವಂತೆ ಮಾಡಿದ್ದಳು.

"ನಿನ್ನ ಗುಜರಿ ಡಬ್ಬಿ ಮಾನ ಉಳಿಸಿತು ಮಾರಾಯ್ತಿ," ಎಂದಳು ಲ್ಯಾಬಿನ ಜಯಲತಾ.

ಕೌಂಟರಿನ ಆಚೆ ಯಂಕಣ್ಣ ನಿಂತಿದ್ದ. ಕಟ್ಟಡ ಕೆಲಸದವನು, ರಾಯಚೂರಿನ ಕಡೆಯವನು. "ಮಗಳಿಗೆ ಹೆರಿಗಿ ಆದಾಗಿಂದ ರಕ್ತ ನಿಂತೇ ಇಲ್ರಿ ಅಕ್ಕಾರ. ಜಲ್ದಿ ನೋಡ್ರಿ." ಜಯಲತಾಳ ಕೈಗೆ ಅವನು ಮಗಳ ರಕ್ತದ ಮಾದರಿಯ ಸೀಸೆ ಕೊಟ್ಟ. ಓ ನೆಗೆಟಿವ್.

ಪರದೆಯಲ್ಲಿ ಆ ಗುಂಪಿನ ಒಂದೇ ಚೀಲವಿತ್ತು, ಕಲ್ಯಾಣದಲ್ಲಿ. ಅದನ್ನು ತರಲು ಯಂಕಣ್ಣ ಆಗಲೇ ಬಾಗಿಲ ಕಡೆ ತಿರುಗಿದ್ದ.

"ನಿಲ್ಲಿ!" ರಮಿತಾ ಕೂಗಿದಳು. ಪಟ್ಟಿಯ ಕೊನೆಯ ನಮೂದು ನಿನ್ನೆ ಬೆಳಗಿನದಾಗಿತ್ತು. ಆಮೇಲೆ ಏನೂ ಇಲ್ಲ. ಅವಳು ಕಲ್ಯಾಣದ ಶಾಖೆ ನೋಡಿಕೊಳ್ಳುವ ತಾರಾನಾಥನಿಗೆ ಫೋನು ಮಾಡಿದಳು.

"ನಿನ್ನೆ ಆಯುಧ ಪೂಜೆ ಅಲ್ವಾ? ಅದಕ್ಕೂ ಒಂದು ದಿನ ರೆಸ್ಟ್ ಬೇಡವಾ? ಬಂದ್ ಮಾಡಿ ಕುಂಕುಮ ಹಚ್ಚಿ, ಹೂ ಇಟ್ಟೆ. ಈಗಷ್ಟೇ ಬಂದು ಚಾಲೂ ಮಾಡಿದ್ದು."

ಚಾಲೂ ಆದ ಯಂತ್ರ ಮುಖ್ಯ ಯಂತ್ರವನ್ನು ಹುಡುಕಿದೆ, ಅದು ಸಿಗದೆ ತಾನೇ ಯಜಮಾನನಾಗಿ ಕೂತಿದೆ. ತಾನೊಂದು ದಿನ ಮಲಗಿದ್ದೆ, ಆ ದಿನದ ನಮೂದುಗಳು ಮುಖ್ಯ ಯಂತ್ರದಲ್ಲೇ ಉಳಿದಿವೆ ಎಂದು ಅದಕ್ಕೆ ಗೊತ್ತಿಲ್ಲ. ಅದನ್ನು ತಿಳಿಯುವ ದಾರಿಯನ್ನು ರಮಿತಾ ಅದಕ್ಕೆ ಕಲಿಸಿರಲಿಲ್ಲ.

"ಫ್ರಿಜ್ ತೆಗೆದು ನೋಡಿ ಅಣ್ಣ. ಓ ನೆಗೆಟಿವ್."

ಬಾಗಿಲು ತೆಗೆದ ಸದ್ದು. "ಇಲ್ಲ. ಪೂಜೆ ಮುಗಿಸಿ ನಾನು ಮನೆಗೆ ಹೋಗಿದ್ದೆ. ಯಾರು ಒಯ್ದರೋ!"

"ಯಂತ್ರ ಈಗಲೇ ಬಂದ್ ಮಾಡಿ. ಆ ಹಳೆಯ ಪಟ್ಟಿಯ ಮೇಲೆ ಇನ್ನೊಂದು ನಮೂದೂ ಆಗಬಾರದು."

ಕೌಂಟರಿನ ಪರದೆ ಖಾಲಿಯಾಯಿತು. ಯಂಕಣ್ಣ ಅದನ್ನೂ ಅವಳ ಮುಖವನ್ನೂ ನೋಡಿದ. "ಇದ್ದದ್ದೂ ಹೋಯ್ತೇನ್ರಿ?"

ಉಳಿದದ್ದು ತುರ್ಭೆಯ ಶಾಖೆ. ರಮಿತಾ ಫೋನು ಮಾಡಿದಾಗ ಅಲ್ಲಿಯ ಸರ್ವೋತ್ತಮ ಫ್ರಿಜ್ ನೋಡಿ ಬಂದ. "ಒಂದುಂಟು. ನಿನ್ನೆ ಸಂಜೆ ಕಲ್ಯಾಣದಿಂದ ಬಂದದ್ದು. ಆದರೆ ಸ್ವಲ್ಪ ಮುಂಚೆ ಪರದೆಯಲ್ಲಿ ಅದು ನನ್ನ ಹತ್ತಿರ ಇಲ್ಲ ಅಂತಲೇ ಇತ್ತು. ಕಂಪ್ಯೂಟರಿನಲ್ಲಿ ಇಲ್ಲದ ಚೀಲ ಕೊಡಬಾರದು ಅಂತ ನೀವೇ ಅಲ್ವಾ ಮೇಡಂ ಹೇಳಿದ್ದು?"

"ನಾನೇ. ಲೇಬಲ್ ಓದಿ."

ಅವನು ಓದಿದ. ಪರೀಕ್ಷೆಗಳೆಲ್ಲ ಮುಗಿದ ಹಸಿರು ಚೀಟಿ, ಕೆಳಗೆ ಜಯಲತಾಳ ಸಹಿ. ಜಯಲತಾ ತಲೆಯಾಡಿಸಿದಳು. "ನಾನೇ ಪಾಸು ಮಾಡಿದ ಚೀಲ."

"ಕೊಡಿ ಸರ್ವೋತ್ತಮ. ನನ್ನ ಹೆಸರಿನಲ್ಲಿ ಕೊಡಿ."

ಯಂಕಣ್ಣನ ತಮ್ಮ ತುರ್ಭೆಯ ಮಾರ್ಕೆಟ್ಟಿನಲ್ಲೇ ಹಮಾಲ. ಅವನು ಯಾರದೋ ಬೈಕಿನ ಹಿಂದೆ ಐಸ್ ಪೆಟ್ಟಿಗೆ ಅಪ್ಪಿಕೊಂಡು ಶಿಳ್‌ಫಾಟಾ ದಾರಿಯಲ್ಲಿ ಬಂದ. ಅಲ್ಲಿಯವರೆಗೆ ಮಗಳಿದ್ದ ನರ್ಸಿಂಗ್ ಹೋಮಿನಿಂದ ಫೋನು ಬಂದಾಗಲೆಲ್ಲ ಯಂಕಣ್ಣ "ಬರಾಕತ್ತೈತ್ರಿ" ಎಂದಷ್ಟೇ ಹೇಳುತ್ತಿದ್ದ. ಉತ್ತರ ಕೇಳಲು ಹೆದರಿ ಕೂಡಲೇ ಕಟ್ ಮಾಡುತ್ತಿದ್ದ.

ಜಯಲತಾ ಚೀಲದ ರಕ್ತವನ್ನೂ ಮಗಳ ಮಾದರಿಯನ್ನೂ ಕೊಳವೆಯಲ್ಲಿ ಬೆರೆಸಿ, ಯಂತ್ರದಲ್ಲಿ ತಿರುಗಿಸಿ, ಬೆಳಕಿಗೆ ಹಿಡಿದು ಮೆಲ್ಲಗೆ ಓರೆ ಮಾಡಿದಳು. ಗಂಟುಗಂಟಾದರೆ ಈ ರಕ್ತ ಹೊಂದದು, ಬೇರೆ ಚೀಲವಿಲ್ಲ. ಕೊಳವೆಯ ತಳದ ಕೆಂಪು ನಯವಾಗಿ ಹರಡಿಕೊಂಡಿತು.

"ಹೊಂದಿತು. ಓಡಿ!"